ರೊಟ್ಟಿ ಮಷಿನ್‌ಗೆ ಅಡ್ವಾನ್ಸ್ ಕೊಡುವ ಮೊದಲು ನಾಲ್ಕು ತಾಸಿನ ಲೆಕ್ಕ

ಪ್ರಶ್ನೆ: ನಾನು ಗಂಗಾವತಿಯವಳು, ವಯಸ್ಸು 34. ಯಜಮಾನರು ರೈಸ್ ಮಿಲ್‌ನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಸೀಸನ್ ಇದ್ದಾಗ ಕೈತುಂಬ ಕೆಲಸ, ಇಲ್ಲದಾಗ ಇಲ್ಲ. ಒಂದೂವರೆ ವರ್ಷದಿಂದ ಮನೆಯಲ್ಲೇ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದೇನೆ. ಬೆಳಗ್ಗೆ ನಾಲ್ಕೂವರೆಗೆ ಕೂತರೆ ಎಂಟೂವರೆಗೆ 100 ರೊಟ್ಟಿ ಆಗುತ್ತವೆ. 70 ಒಂದು ಖಾನಾವಳಿಗೆ, ಉಳಿದವು ಟೀಚರ್‌ಗಳಿಗೆ, ಓಣಿಯವರಿಗೆ. ಒಂದಕ್ಕೆ 5 ರೂಪಾಯಿ. ಖಾನಾವಳಿಯವರು ದುಡ್ಡು ಕೊಡುವುದು ತಿಂಗಳಿಗೊಮ್ಮೆ. ಜೋಳ ಕೆಜಿಗೆ 48, ಗಿರಣಿಗೆ 6. ಒಂದು ಕೆಜಿಗೆ 20 ರೊಟ್ಟಿ. ಅಂದರೆ ದಿನಕ್ಕೆ 230 ರೂಪಾಯಿ ಲಾಭ ಅಂತ ಲೆಕ್ಕ ಹಾಕಿದ್ದೇನೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರೋದಿಲ್ಲ. ಈಗ ಒಬ್ಬರು ಬಂದು, 1.85 ಲಕ್ಷದ ರೊಟ್ಟಿ ಮಷಿನ್ ತಗೊಳ್ಳಿ, ಮಾಡಿದ ರೊಟ್ಟಿಯನ್ನೆಲ್ಲ ನಾವೇ ವಾಪಸ್ ಕೊಳ್ತೇವೆ, ಅಗ್ರಿಮೆಂಟ್ ಮಾಡಿಕೊಡ್ತೇವೆ ಅನ್ನುತ್ತಿದ್ದಾರೆ. ಶನಿವಾರದೊಳಗೆ 25 ಸಾವಿರ ಅಡ್ವಾನ್ಸ್ ಕೊಡಬೇಕಂತೆ. ವಾರದ ಕಂತಿನ ಫೈನಾನ್ಸ್‌ನವರು ಸಾಲಕ್ಕೆ ತಯಾರಿದ್ದಾರೆ. ಇತ್ತ ಓಣಿಯವರು ಹೆದರಿಸುತ್ತಾರೆ: ಲೈಸೆನ್ಸ್ ಇಲ್ಲದಿದ್ದರೆ ದಂಡ, ಫೋನ್‌ಪೇಗೆ ದುಡ್ಡು ಬಂದರೆ ಜಿಎಸ್‌ಟಿ, ಎಲ್ಲಾದರೂ ಹೆಸರು ನೋಂದಾಯಿಸಿದರೆ ಗೃಹಲಕ್ಷ್ಮಿ ಬಂದ್. ಹೈದರಾಬಾದಿನ ನಾದಿನಿ ಶೇಂಗಾ ಚಟ್ನಿ ಕಳಿಸು, ಇಲ್ಲಿ ಮಾರಿಕೊಡ್ತೇನೆ ಅಂತಾಳೆ. ನಾನು ಏನು ಮಾಡಲಿ?

ಉತ್ತರ: ತಂಗಿ, ಮೊದಲು ಶನಿವಾರದ ಮಾತು. ಅಡ್ವಾನ್ಸ್ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ, ಪೂರ್ತಿ ಓದಿದ ಮೇಲೆ ನಿಮಗೆ ಬೇರೆ ಅನ್ನಿಸಿದರೆ ಅದು ನಿಮ್ಮ ತೀರ್ಮಾನ. ಆದರೆ ನಾಳೆ ನಾಡಿದ್ದರಲ್ಲಿ ದುಡ್ಡು ಕೈಬಿಡಬೇಡಿ.

ನೀವು ಕೇಳಿದ್ದು ಮಷಿನ್, ಲೈಸೆನ್ಸ್, ಜಿಎಸ್‌ಟಿ ಬಗ್ಗೆ. ನನ್ನ ಕಣ್ಣು ನಿಂತಿದ್ದು ಮಾತ್ರ "ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರೋದಿಲ್ಲ" ಎನ್ನುವ ಸಾಲಿನ ಮೇಲೆ. ನಾನು 14 ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದವಳು. ಈಗ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಮನೆಯಲ್ಲೇ ಸಣ್ಣ ಉದ್ಯಮ ನಡೆಸುವವರಿಗೆ ಲೆಕ್ಕ, ಕಾಗದಪತ್ರ ನೋಡಿಕೊಡುತ್ತೇನೆ. ರೊಟ್ಟಿ, ಚಟ್ನಿ, ಹಪ್ಪಳ, ಹೊಲಿಗೆ, ಯಾವ ಕೆಲಸವೇ ಇರಲಿ, ಹತ್ತರಲ್ಲಿ ಏಳೆಂಟು ಮಂದಿ ಇದೇ ಮಾತು ಹೇಳುತ್ತಾರೆ. ಕೆಲಸ ಇದೆ, ಗಿರಾಕಿ ಇದ್ದಾರೆ, ದುಡ್ಡು ಮಾತ್ರ ಕಾಣಿಸುತ್ತಿಲ್ಲ. ಇದಕ್ಕೆ ಮಷಿನ್ ಔಷಧಿ ಅಲ್ಲ.

ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. 100 ರೊಟ್ಟಿಗೆ 500 ರೂಪಾಯಿ, ಐದು ಕೆಜಿ ಹಿಟ್ಟಿಗೆ 270, ಉಳಿದದ್ದು 230. ಇದರಲ್ಲಿ ಗ್ಯಾಸ್ ಎಲ್ಲಿದೆ? ಅದು ಮನೆಯ ಸಿಲಿಂಡರ್‌ನಿಂದ ಹೋಗುತ್ತಿದೆ, ಅದರ ದುಡ್ಡನ್ನು ಯಜಮಾನರ ಸಂಬಳ ಕಟ್ಟುತ್ತಿದೆ. ನಾಲ್ಕು ತಾಸು ಎರಡು ಒಲೆ ಉರಿದರೆ ಕಮರ್ಷಿಯಲ್ ಸಿಲಿಂಡರ್ ದರದಲ್ಲಿ 60 ರೂಪಾಯಿ ಇಟ್ಟುಕೊಳ್ಳಿ. ಕವರ್, ರಬ್ಬರ್, ಪೇಪರ್ ಸೇರಿ 30. ಖಾನಾವಳಿಗೆ ಗಾಡಿಯಲ್ಲಿ ಹೋಗಿ ಬರುವುದಕ್ಕೆ 30. ಒಟ್ಟು ಖರ್ಚು 390. ಇನ್ನು ಖಡಕ್ ರೊಟ್ಟಿ ಅಂದ ಮೇಲೆ ಮುರಿಯುತ್ತವೆ. ನೂರಕ್ಕೆ ಆರಾದರೂ ಮುರಿದು ಮನೆಯ ಒಗ್ಗರಣೆ ರೊಟ್ಟಿಗೆ ಹೋಗುತ್ತವೆ ಅಲ್ವಾ? ಹಾಗಾದರೆ ನೀವು ಮಾರುವುದು 94, ಬರುವುದು 470. ಕಳೆದರೆ ಉಳಿಯುವುದು 80 ರೂಪಾಯಿ. ನಾಲ್ಕು ತಾಸಿಗೆ 80. ತಾಸಿಗೆ 20.

ನರೇಗಾ ಕೂಲಿ ನಮ್ಮ ರಾಜ್ಯದಲ್ಲಿ 2025-26ಕ್ಕೆ ದಿನಕ್ಕೆ 370 ರೂಪಾಯಿ ಇತ್ತು. ಎಂಟು ತಾಸು ಅಂತ ಹಿಡಿದರೂ ತಾಸಿಗೆ 46. ಕತ್ತಲಲ್ಲಿ ಎದ್ದು, ಒಲೆಯ ಮುಂದೆ ಕೂತು, ರಟ್ಟೆ ನೋಯಿಸಿಕೊಂಡು ರೊಟ್ಟಿ ಬಡಿಯುವ ನಿಮ್ಮ ಕೈಗೆ ಅದರ ಅರ್ಧವೂ ಬರುತ್ತಿಲ್ಲ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆದರೆ ಗೊತ್ತಾಗಲೇಬೇಕು.

ಇದು ಯಾಕೆ ಹೀಗಾಗುತ್ತದೆ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ನಮ್ಮ ಕಡೆ ರೊಟ್ಟಿ ಬಡಿಯುವುದಕ್ಕೆ ಯಾರೂ ಕೂಲಿ ಕಟ್ಟಿ ನೋಡಿದವರಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್‌ಗಟ್ಟಲೆ, ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಊರಿನ ಹೆಣ್ಣುಮಕ್ಕಳು ಸಾಲಾಗಿ ಕೂತು ಹಾಡುತ್ತಾ ಬಡಿಯುತ್ತಾರೆ. ಅದು ಅಜ್ಜನ ದಾಸೋಹಕ್ಕೆ ಮಾಡುವ ಸೇವೆ, ಅಲ್ಲಿ ಲೆಕ್ಕ ಕೇಳಬಾರದು. ಆದರೆ ಅದೇ ಮನಸ್ಸಿನಿಂದ ಖಾನಾವಳಿಗೂ ಬಡಿದುಕೊಟ್ಟರೆ, ನಿಮ್ಮ ನಾಲ್ಕು ತಾಸು ಖಾನಾವಳಿ ಮಾಲೀಕರ ಗಲ್ಲಾಪೆಟ್ಟಿಗೆಗೆ ದಾನ ಹೋದಂತೆ.

ಈಗ ಬೆಲೆ ಬದಲಿಸಿ ನೋಡೋಣ. ಖಾನಾವಳಿಗೆ 6 ರೂಪಾಯಿ, ಮನೆಗೆ ಬಂದು ಒಯ್ಯುವವರಿಗೆ 8. ಎಪ್ಪತ್ತಕ್ಕೆ 420, ಉಳಿದ ಇಪ್ಪತ್ನಾಲ್ಕಕ್ಕೆ 192, ಒಟ್ಟು 612. ಖರ್ಚು ಅದೇ 390. ಉಳಿಯುವುದು 222. ತಾಸಿಗೆ 55 ರೂಪಾಯಿ. ತಿಂಗಳಿಗೆ 26 ದಿನ ಹಿಡಿದರೆ 5,772. ನೀವು ಇಷ್ಟು ದಿನ ಉಳಿಯುತ್ತಿದೆ ಅಂದುಕೊಂಡಿದ್ದ ಸುಮಾರು 6 ಸಾವಿರ ಇದೆಯಲ್ಲ, ಅದು ಈಗ ನಿಜಕ್ಕೂ ಕೈಗೆ ಬರುತ್ತದೆ. ಒಂದು ರೊಟ್ಟಿಯೂ ಜಾಸ್ತಿ ಬಡಿಯಬೇಕಿಲ್ಲ.

ಗಿರಾಕಿ ಬಿಟ್ಟು ಹೋದರೆ? ಕೆಲವರು ಹೋಗುತ್ತಾರೆ, ಅದು ನಿಜ. ಟೀಚರ್‌ಗಳು ಹೋಗುವುದು ಕಮ್ಮಿ, ಯಾಕಂದರೆ ಅವರು ಕೊಳ್ಳುವುದು ಬೆಳಗಿನ ಒಂದು ತಾಸು ನಿದ್ದೆ. ಖಾನಾವಳಿಯವರು ಎಳೆದಾಡುತ್ತಾರೆ. ಆದರೆ ನಿಮ್ಮ ತೂಕವೂ ನಿಮಗೆ ಗೊತ್ತಿರಲಿ: ದಿನಾ ಬೆಳಗ್ಗೆ ತಪ್ಪದೆ 70 ರೊಟ್ಟಿ ತಂದುಕೊಡುವವರು ಗಂಗಾವತಿಯಲ್ಲಿ ಬೀದಿಗೊಬ್ಬರು ಸಿಗುವುದಿಲ್ಲ. ಒಂದೂವರೆ ವರ್ಷ ನೀವು ತಪ್ಪಿಸಿಲ್ಲ. ಅದಕ್ಕೆ ಬೆಲೆ ಇದೆ.

ಇನ್ನು ಮಷಿನ್. 1.85 ಲಕ್ಷಕ್ಕೆ ಬ್ಯಾಂಕಿನಿಂದಲೇ ಶೇ 12ರ ಬಡ್ಡಿಗೆ ಮೂರು ವರ್ಷದ ಸಾಲ ಸಿಕ್ಕಿತು ಅಂದುಕೊಳ್ಳಿ, ತಿಂಗಳ ಕಂತು 6 ಸಾವಿರದ ಮೇಲೆ ಬರುತ್ತದೆ. ನಿಮ್ಮ ಈಗಿನ ನಿಜವಾದ ಉಳಿತಾಯ ತಿಂಗಳಿಗೆ 2,080. ಕಂತು ಅದರ ಮೂರು ಪಟ್ಟು. ಮಷಿನ್ ದಿನಕ್ಕೆ 500 ರೊಟ್ಟಿ ಒತ್ತಬಹುದು, ಆದರೆ ಉಳಿದ 400 ರೊಟ್ಟಿ ತಿನ್ನುವವರು ಯಾರು? ಈ ಪ್ರಶ್ನೆಗೆ ಆ ಮನುಷ್ಯ ಕೊಟ್ಟಿರುವ ಒಂದೇ ಉತ್ತರ "ನಾವೇ ವಾಪಸ್ ಕೊಳ್ತೇವೆ." ಇಡೀ ವ್ಯವಹಾರ ನಿಂತಿರುವುದು ಆ ಮಾತಿನ ಮೇಲೆ.

ಈ ಆಟ ನನಗೆ ಹೊಸದಲ್ಲ. ಊದಿನಕಡ್ಡಿ ಮಷಿನ್, ದೀಪದ ಬತ್ತಿ ಮಷಿನ್, ಪೇಪರ್ ತಟ್ಟೆ ಮಷಿನ್, ಎಲ್ಲದರಲ್ಲೂ ಇದೇ ದಾರಿ. ಮಷಿನ್ ಕೊಡುತ್ತಾರೆ, ಕಚ್ಚಾ ಮಾಲನ್ನೂ ತಾವೇ ಕೊಡುತ್ತಾರೆ, ಮೊದಲ ಒಂದೆರಡು ಸಲ ಮಾಲು ತೆಗೆದುಕೊಂಡು ದುಡ್ಡೂ ಹಾಕುತ್ತಾರೆ. ಆ ಹೊತ್ತಿಗೆ ನಿಮ್ಮ ಮಾತು ಕೇಳಿ ಓಣಿಯ ಇನ್ನೂ ಇಬ್ಬರು ಮಷಿನ್ ಕೊಂಡಿರುತ್ತಾರೆ. ಮೂರನೇ ಸಲದಿಂದ "ಕ್ವಾಲಿಟಿ ಬಂದಿಲ್ಲ, ರಿಜೆಕ್ಟ್." ಅಗ್ರಿಮೆಂಟ್ ತೆಗೆದು ನೋಡಿದರೆ ಗುಣಮಟ್ಟ ಸರಿ ಇದೆಯೋ ಇಲ್ಲವೋ ಎನ್ನುವ ತೀರ್ಮಾನ ಅವರದೇ ಅಂತ ಬರೆದಿರುತ್ತದೆ. ಮಷಿನ್ ಮಾರುವವನೂ ಮಾಲು ಕೊಳ್ಳುವವನೂ ಒಬ್ಬನೇ ಆದಾಗ, ಅವನ ಲಾಭ ಮಷಿನ್ ಮಾರಿದ ದಿನವೇ ಮುಗಿದಿರುತ್ತದೆ. ಆಮೇಲೆ ನಿಮ್ಮ ಮಾಲು ಕೊಂಡು ಅವನಿಗೆ ಆಗಬೇಕಾದ್ದೇನೂ ಇಲ್ಲ.

ನಾನು ಬ್ಯಾಂಕಿನಲ್ಲಿದ್ದಾಗ ಇಂಥದೇ ಒಂದು ಮಷಿನ್‌ಗೆ ಒಂದು ಮಹಿಳಾ ಸಂಘಕ್ಕೆ ಸಾಲ ಮಂಜೂರು ಮಾಡಿದ್ದೆ. ಕಾಗದಪತ್ರ ಎಲ್ಲ ಸರಿ ಇತ್ತು. ಕೊಳ್ಳುವವರು ಯಾರು ಅಂತ ನಾನು ಸಾಕಷ್ಟು ಕೇಳಲಿಲ್ಲ. ಎರಡು ವರ್ಷದ ಮೇಲೆ ಆ ಹಳ್ಳಿಗೆ ಹೋದಾಗ ಮಷಿನ್ ಮೇಲೆ ಹಳೇ ಕೌದಿ ಹೊದಿಸಿ, ಅದರ ಮೇಲೆ ಜೋಳದ ಚೀಲ ಇಟ್ಟಿದ್ದರು. ಸಂಘದ ಹತ್ತು ಮಂದಿ ಕೂಲಿಗೆ ಹೋಗಿ ಕಂತು ತೀರಿಸುತ್ತಿದ್ದರು. ಒಬ್ಬರೂ ನನ್ನನ್ನು ಬೈಯಲಿಲ್ಲ, ಚಹಾ ಮಾಡಿ ಕೊಟ್ಟರು. ಆ ಚಹಾ ಇವತ್ತಿಗೂ ನೆನಪಿದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಿಮ್ಮ ಮನೆಗೆ ಬಂದ ಮನುಷ್ಯ ಮೋಸಗಾರ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಪರೀಕ್ಷೆ ಮಾಡುವುದು ಸುಲಭ. ಅವರ ಜಿಎಸ್‌ಟಿ ನಂಬರ್ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ, ಹೆಸರು, ವಿಳಾಸ, ನೋಂದಣಿ ಯಾವತ್ತು ಆಯಿತು ಎಲ್ಲ ಬರುತ್ತದೆ. ಎರಡು ವರ್ಷದ ಹಿಂದೆ ಮಷಿನ್ ಕೊಂಡವರ ವಿಳಾಸ ಕೇಳಿ. ಅವರು ತೋರಿಸಿದವರನ್ನಷ್ಟೇ ನೋಡಿ ಬರಬೇಡಿ, ಆ ಊರಿನಲ್ಲಿ ಬೇರೆ ಯಾರು ಕೊಂಡಿದ್ದರು ಅಂತಲೂ ವಿಚಾರಿಸಿ. ನಿಮ್ಮದೇ ಹಿಟ್ಟು ಒಯ್ದು ಎರಡು ತಾಸು ಮಷಿನ್ ಓಡಿಸಿ ನೋಡಿ. ಗೋಧಿ ಹಿಟ್ಟಿಗೆ ಚೆನ್ನಾಗಿ ಓಡುವ ಮಷಿನ್ ಜೋಳದ ಹಿಟ್ಟಿಗೆ ಕೈಕೊಡುತ್ತದೆ, ಜೋಳಕ್ಕೆ ಆ ಅಂಟು ಇರುವುದಿಲ್ಲ, ಬಿಸಿನೀರು ಹಾಕಿ ಜಿಗಿ ಬರಿಸಬೇಕು, ಅಂಚು ಸೀಳುತ್ತದೆ. ಕೆಟ್ಟರೆ ರಿಪೇರಿ ಮಾಡುವವನು ಎಲ್ಲಿರುತ್ತಾನೆ ಅಂತಲೂ ಕೇಳಿ. ಇದಕ್ಕೆಲ್ಲ ಒಪ್ಪದೆ "ಶನಿವಾರ ಕಳೆದರೆ ಆಫರ್ ಇಲ್ಲ" ಅಂದರೆ ಬಿಟ್ಟುಬಿಡಿ. ದುಡ್ಡು ಕೊಟ್ಟು ಮೋಸ ಹೋದವರು ಯಾರಾದರೂ ಓದುತ್ತಿದ್ದರೆ, ಆನ್‌ಲೈನ್‌ನಲ್ಲಿ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಗದು ಕೊಟ್ಟಿದ್ದರೆ ಹತ್ತಿರದ ಠಾಣೆಯಲ್ಲಿ ದೂರು ಕೊಡಿ.

ಮಷಿನ್ ಬೇಡವೇ ಬೇಡ ಅಂತಲ್ಲ. ಆರು ತಿಂಗಳು ಸತತವಾಗಿ ಕೈಯಲ್ಲಿ ಮಾಡಲಾಗದಷ್ಟು ಆರ್ಡರ್ ವಾಪಸ್ ಕಳಿಸುತ್ತಿದ್ದೀರಿ ಅಂದರೆ ಆಗ ಕೊಳ್ಳಿ. ಅಲ್ಲಿಯವರೆಗೆ ಪಕ್ಕದ ಮನೆಯ ಒಬ್ಬ ಅಕ್ಕನಿಗೆ ರೊಟ್ಟಿಗೆ ಇಷ್ಟು ಅಂತ ಕೊಟ್ಟು ಮಾಡಿಸುವುದು ಸುಖ. ಆರ್ಡರ್ ಕಮ್ಮಿಯಾದರೆ ಕಂತಿನ ಚಿಂತೆ ಇರುವುದಿಲ್ಲ. ಮಷಿನ್ ಬಂದ ದಿನ ಇನ್ನೂ ಒಂದು ಖರ್ಚು ಬರುತ್ತದೆ, ಕರೆಂಟು. ಗೃಹಜ್ಯೋತಿಯ ಉಚಿತ ಯೂನಿಟ್ ಮನೆ ಬಳಕೆಗೆ ಮಾತ್ರ. ಮನೆ ಮೀಟರ್‌ನಲ್ಲಿ ವ್ಯಾಪಾರದ ಮೋಟರ್ ಓಡಿಸಿ ಜೆಸ್ಕಾಂನವರ ತಪಾಸಣೆಯಲ್ಲಿ ಸಿಕ್ಕರೆ ಎರಡು ಪಟ್ಟು ದರದಲ್ಲಿ ಲೆಕ್ಕ ಹಾಕಲು 2003ರ ವಿದ್ಯುತ್ ಕಾಯ್ದೆಯಲ್ಲಿ ಅವಕಾಶ ಇದೆ. ಗ್ಯಾಸ್ ವಿಷಯವೂ ಹೀಗೇ. 14.2 ಕೆಜಿಯ ಮನೆ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವ ಹಾಗಿಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬೇಕು. ಇದನ್ನು ಈಗಲೇ ಸರಿ ಮಾಡಿಕೊಳ್ಳಿ. ಮೇಲೆ ನಾನು ಹಾಕಿದ 60 ರೂಪಾಯಿ ಆ ದರವೇ, ಹಾಗಾಗಿ ಲೆಕ್ಕ ಕೆಡುವುದಿಲ್ಲ.

ವಾರದ ಕಂತಿನ ಸಾಲದ ಬಗ್ಗೆ ಒಂದು ಮಾತು. ನಿಮಗೆ ಖಾನಾವಳಿಯಿಂದ ದುಡ್ಡು ಬರುವುದು ತಿಂಗಳಿಗೊಮ್ಮೆ, ಫೈನಾನ್ಸ್‌ನವರು ಬಾಗಿಲಿಗೆ ಬರುವುದು ವಾರಕ್ಕೊಮ್ಮೆ. ಬಡ್ಡಿ ಎಷ್ಟು ಅನ್ನುವುದಕ್ಕಿಂತ ಮೊದಲು ಈ ಹೊಂದಾಣಿಕೆಯೇ ಇಲ್ಲ. ಮೊದಲ ಮೂರು ವಾರದ ಕಂತನ್ನು ಎಲ್ಲಿಂದ ತರುತ್ತೀರಿ? ಇನ್ನೊಬ್ಬರಿಂದ ಕೈಗಡ. ಹೀಗೇ ಒಂದು ಸಾಲ ಮೂರಾಗುತ್ತದೆ. ಒಂದು ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಆಗಬಾರದು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮವೇ ಹೇಳುತ್ತದೆ. ವಸೂಲಿಗೆ ಬಂದು ಬೈದು ಹೆದರಿಸುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನೂ ಬಂದಿದೆ. ಆದರೆ ಆ ಕಾನೂನು ಬೇಕಾಗುವ ಹಂತಕ್ಕೆ ಹೋಗುವುದು ಬೇಡ.

ನನ್ನನ್ನು ಕೇಳಿದರೆ, ಸಾಲ ಬೇಕೇ ಬೇಕು ಅಂದರೆ ಅದು ಜೋಳಕ್ಕೆ. ಹಿಂಗಾರಿ ಬಿಳಿಜೋಳ ರಾಶಿಯಾಗಿ ಬರುವ ಕಾಲದಲ್ಲಿ ನೇರವಾಗಿ ರೈತರಿಂದ ಆರು ತಿಂಗಳಿಗೆ ಬೇಕಾದ ಎಂಟು ಕ್ವಿಂಟಲ್ ತೆಗೆದುಕೊಂಡರೆ, ಕೆಜಿಗೆ 8 ರೂಪಾಯಿ ಕಮ್ಮಿ ಸಿಕ್ಕಿತು ಅಂದುಕೊಂಡರೂ ನಿಮ್ಮ ತಿಂಗಳ 130 ಕೆಜಿಗೆ ಸಾವಿರ ರೂಪಾಯಿಯ ಮೇಲೆ ಉಳಿಯುತ್ತದೆ. ಚೆನ್ನಾಗಿ ಬಿಸಿಲಿಗೆ ಹಾಕಿ, ಬೇವಿನ ಸೊಪ್ಪು ಹಾಕಿ ಇಡಿ. ಕಾಳು ಇಡಬಹುದು, ಹಿಟ್ಟು ಮಾತ್ರ ವಾರಕ್ಕೆ ಬೇಕಾದಷ್ಟೇ ಬೀಸಿಸಿ, ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಷ್ಟಕ್ಕೆ ಮುದ್ರಾ ಯೋಜನೆಯ ಶಿಶು ಸಾಲ ಸಾಕು. 50 ಸಾವಿರದವರೆಗೆ, ಅಡಮಾನ ಬೇಡ, ತಿಂಗಳ ಕಂತು. ರಾಜ್ಯದ ಉದ್ಯೋಗಿನಿ ಯೋಜನೆ ಕೂಡ ಇದೆ, 3 ಲಕ್ಷದವರೆಗೆ ಸಾಲ, ಪರಿಶಿಷ್ಟ ಜಾತಿ ಪಂಗಡದವರಿಗೆ ಅರ್ಧದಷ್ಟು ಸಬ್ಸಿಡಿ, ಉಳಿದವರಿಗೆ ಶೇ 30. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಕೇಳಿ. ಆದರೆ ಸಬ್ಸಿಡಿ ಬರುತ್ತದೆ ಅಂತ ಬೇಡದ ಸಾಲ ಮಾಡಬೇಡಿ.

ಈಗ ಓಣಿಯವರ ಹೆದರಿಕೆ. ಅದರಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ಸುಳ್ಳು ಇದೆ.

ಲೈಸೆನ್ಸ್ ಮಾತು ಅರ್ಧ ನಿಜ. ಆಹಾರ ಮಾಡಿ ಮಾರುವವರು ಮನೆಯಲ್ಲೇ ಮಾಡಿದರೂ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು. ನಿಮ್ಮಷ್ಟು ಸಣ್ಣ ವ್ಯಾಪಾರಕ್ಕೆ ದೊಡ್ಡ ಲೈಸೆನ್ಸ್ ಬೇಡ, ಬರೀ ನೋಂದಣಿ ಸಾಕು. 2011ರಲ್ಲಿ ನಿಯಮ ಬಂದಾಗಲೇ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿಗೆ ಈ ಸುಲಭದ ದಾರಿ ಇಟ್ಟಿದ್ದರು. ನಿಮ್ಮ ವಹಿವಾಟು ಒಂದೂವರೆ ಲಕ್ಷದ ಆಸುಪಾಸು. ಅವರದೇ ಫಾಸ್‌ಕಾಸ್ ಪೋರ್ಟಲ್‌ನಲ್ಲಿ ಆಧಾರ್, ಫೋಟೋ, ಮನೆ ವಿಳಾಸ ಕೊಟ್ಟು ಅರ್ಜಿ ಹಾಕುವುದು, ಫೀಸು ವರ್ಷಕ್ಕೆ 100 ರೂಪಾಯಿ. 14 ಅಂಕಿಯ ನಂಬರ್ ಬರುತ್ತದೆ. ಏಜೆಂಟರು ಇದಕ್ಕೆ ಎರಡು ಮೂರು ಸಾವಿರ ಕೇಳುತ್ತಾರೆ, ಕೊಡಬೇಡಿ, ಕಾಲೇಜಿಗೆ ಹೋಗುವ ಯಾವುದಾದರೂ ಹುಡುಗಿ ಅರ್ಧ ತಾಸಿನಲ್ಲಿ ಮಾಡಿಕೊಡುತ್ತಾಳೆ. ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ಬರೆಸುವ ಉದ್ಯಮ್ ನೋಂದಣಿಯೂ ಹಾಗೇ, ಅದಕ್ಕೆ ಫೀಸೇ ಇಲ್ಲ. ಬ್ಯಾಂಕಿಗೆ ಹೋದಾಗ ಅದು ಕೈಯಲ್ಲಿದ್ದರೆ ಒಳ್ಳೆಯದು.

ಫೋನ್‌ಪೇ ಭಯ ಎಲ್ಲಿಂದ ಬಂತು ಅಂತ ಗೊತ್ತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಯುಪಿಐ ವಹಿವಾಟು ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಮಂದಿ ಕ್ಯೂಆರ್ ಕೋಡ್ ಕಿತ್ತು ಹಾಕಿದರು. ಆದರೆ ವಸ್ತು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನೀವು ಅದರ ಹತ್ತಿರದಲ್ಲೂ ಇಲ್ಲ. ದುಡ್ಡು ಫೋನ್‌ಪೇಗೇ ಬರಲಿ. ಆ ಪಟ್ಟಿಯೇ ನಾಳೆ ಬ್ಯಾಂಕಿನಲ್ಲಿ ನಿಮ್ಮ ವ್ಯಾಪಾರಕ್ಕೆ ಸಾಕ್ಷಿ. ಸಾಧ್ಯವಾದರೆ ವ್ಯಾಪಾರಕ್ಕೆ ಬೇರೆ ಖಾತೆ ಮಾಡಿ, ತವರಿನವರು ಕಳಿಸಿದ ದುಡ್ಡು, ಸಂಘದ ದುಡ್ಡು ಅದರಲ್ಲಿ ಬೆರೆಯದಿರಲಿ.

ಗೃಹಲಕ್ಷ್ಮಿ ಎಫ್‌ಎಸ್‌ಎಸ್‌ಎಐ ನೋಂದಣಿಯಿಂದಾಗಲಿ ಉದ್ಯಮ್ ನೋಂದಣಿಯಿಂದಾಗಲಿ ನಿಲ್ಲುವುದಿಲ್ಲ. ಮನೆಯ ಯಜಮಾನಿ ಅಥವಾ ಅವರ ಪತಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಮಾತ್ರ ತೊಂದರೆ. ಇಲ್ಲಿ ನಿಮ್ಮ ನಾದಿನಿಯ ಮಾತು ಬರುತ್ತದೆ, ಸ್ವಲ್ಪ ಗಮನ ಕೊಟ್ಟು ಓದಿ. 40 ಲಕ್ಷದ ಮಿತಿ ರಾಜ್ಯದ ಒಳಗೆ ಮಾರುವವರಿಗೆ. ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರಿದರೆ ಮೊದಲ ಪ್ಯಾಕೆಟ್‌ನಿಂದಲೇ ಜಿಎಸ್‌ಟಿ ನೋಂದಣಿ ಬೇಕು. ನಮ್ಮ ಮೂರೂ ಜಿಲ್ಲೆಯವರಿಗೆ ಹೈದರಾಬಾದ್, ಕರ್ನೂಲು ಬೆಂಗಳೂರಿಗಿಂತ ಹತ್ತಿರ ಅನ್ನಿಸುತ್ತವೆ, ನಂಟಸ್ತನವೂ ಆ ಕಡೆ ಇದೆ, ಹಾಗಾಗಿ ಇದರಲ್ಲಿ ಕಾಲು ಸಿಕ್ಕಿಸಿಕೊಳ್ಳುವವರು ಜಾಸ್ತಿ. ರೊಟ್ಟಿ ಚಪಾತಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಇಲ್ಲ, ಹಪ್ಪಳಕ್ಕೂ ಇಲ್ಲ. ಚಟ್ನಿ ಪುಡಿಗೆ ಇದೆ. ನಾದಿನಿಗೆ ಮನೆಯಲ್ಲಿ ತಿನ್ನಲು ಎರಡು ಕೆಜಿ ಕಳಿಸಿ, ಅದು ವ್ಯಾಪಾರ ಅಲ್ಲ. ಆದರೆ ಅಲ್ಲಿ ಮಾರಲು ಚಟ್ನಿ ಕಳಿಸುವುದು ಸದ್ಯಕ್ಕೆ ಬೇಡ. ಜಿಎಸ್‌ಟಿ ಮಾಡಿಸಿ, ತಿಂಗಳು ತಿಂಗಳು ರಿಟರ್ನ್ಸ್‌ಗೆ ಅಕೌಂಟೆಂಟ್‌ಗೆ ದುಡ್ಡು ಕೊಟ್ಟು, ಗೃಹಲಕ್ಷ್ಮಿಯ 2 ಸಾವಿರವನ್ನೂ ಕಳೆದುಕೊಳ್ಳುವಷ್ಟು ದೊಡ್ಡದಲ್ಲ ಆ ಮಾರುಕಟ್ಟೆ. ಚಟ್ನಿಯನ್ನು ಗಂಗಾವತಿಯಲ್ಲಿ, ಬೆಂಗಳೂರಿನಲ್ಲಿ ಮಾರಿ. ಇಲ್ಲೇ ಆನೆಗೊಂದಿ ಸುತ್ತ ಹೋಮ್‌ಸ್ಟೇಗಳಿವೆ, ಹಂಪಿ ನೋಡಲು ಬಂದವರು ಉಳಿಯುತ್ತಾರೆ, ಊರಿನ ಊಟ ಕೇಳುತ್ತಾರೆ. ಹತ್ತು ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸೇರಿಸಿ ಒಂದು ಬುತ್ತಿ ಮಾಡಿ ಎರಡು ಕಡೆ ಕೊಟ್ಟು ನೋಡಿ. ಅಲ್ಲಿ 8 ರೂಪಾಯಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ಚಟ್ನಿಗೆ ಇಳಿಯುವುದಾದರೆ ಎಚ್ಚರಿಕೆಯ ಮಾತು. ರೊಟ್ಟಿಗೆ ಶತ್ರು ತೇವ, ಶೇಂಗಾಕ್ಕೆ ಶತ್ರು ಬಿಸಿಲು. ರೊಟ್ಟಿಯನ್ನು ಹಂಚಿನಿಂದ ಇಳಿಸಿ ಪೂರ್ತಿ ಆರುವ ಮೊದಲೇ ಕವರ್‌ಗೆ ಹಾಕಿದರೆ ಒಳಗೆ ಹಬೆ ಕೂರುತ್ತದೆ, ಮಳೆಗಾಲದಲ್ಲಂತೂ ಮೂರೇ ದಿನಕ್ಕೆ ಮೆತ್ತಗಾಗಿ ಬೂಸ್ಟು ಹಿಡಿಯಬಹುದು. ಒಂದು ರೊಟ್ಟಿಯ ಅಂಚು ಮುರಿದು ನೋಡಿ, ಆಮೇಲೆ ನಡುವೆ ಮುರಿದು ನೋಡಿ. ಎರಡೂ ಕಡೆ ಒಂದೇ ಸದ್ದು ಬಂದರೆ ಕಟ್ಟಬಹುದು, ನಡುವೆ ಬಾಗಿದರೆ ಇನ್ನೂ ಆರಬೇಕು. ಶೇಂಗಾ ಚಟ್ನಿಯಲ್ಲಿ ಎಣ್ಣೆ ಇದೆ, ನಮ್ಮ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಬೇಗ ಕಮಟು ವಾಸನೆ ಬರುತ್ತದೆ. ಮುದುಡಿದ, ಕಪ್ಪಾದ, ಬೂಸ್ಟು ಹಿಡಿದ ಶೇಂಗಾ ಒಂದನ್ನೂ ಬಿಡದೆ ಆರಿಸಿ ತೆಗೆಯಿರಿ. ಅದರಲ್ಲಿ ಅಫ್ಲಟಾಕ್ಸಿನ್ ಎನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಪ್ರತಿ ಸಲ ಮಾಡಿದಾಗ ಒಂದು ಸಣ್ಣ ಪ್ಯಾಕೆಟ್ ತಾರೀಖು ಬರೆದು ಮನೆಯಲ್ಲೇ ಇಟ್ಟುಕೊಳ್ಳಿ, ವಾರಕ್ಕೊಮ್ಮೆ ಬಿಚ್ಚಿ ಮೂಸಿ ನೋಡಿ. ಎಷ್ಟನೇ ದಿನಕ್ಕೆ ಕೆಟ್ಟಿತೋ ಅದಕ್ಕಿಂತ ಸಾಕಷ್ಟು ಮೊದಲಿನ ದಿನವನ್ನೇ ಲೇಬಲ್ ಮೇಲೆ ಹಾಕಿ, ಸುಮ್ನೆ ಬೇರೆಯವರ ಪ್ಯಾಕೆಟ್ ನೋಡಿ "ಮೂರು ತಿಂಗಳು" ಅಂತ ಬರೆಯಬೇಡಿ. ಲೇಬಲ್‌ನಲ್ಲಿ ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ, ಬೆಲೆ, ವಿಳಾಸ, ಫೋನ್, ಹಸಿರು ಚುಕ್ಕೆ, ಆ 14 ಅಂಕಿಯ ನಂಬರ್ ಇರಬೇಕು. ಶೇಂಗಾ ಇದೆ ಅಂತ ಬೇರೆಯಾಗಿ ಕಾಣುವಂತೆ ಬರೆಯಿರಿ, ಕೆಲವರಿಗೆ ಅದು ಆಗುವುದಿಲ್ಲ, ಪ್ರಾಣಕ್ಕೇ ಕುತ್ತು.

ಮನೆಯಿಂದ ನಡೆಸುವ ವ್ಯಾಪಾರದಲ್ಲಿ ಒಂದು ಕಷ್ಟ ಯಾವ ಕಾಗದದಲ್ಲೂ ಇರುವುದಿಲ್ಲ. ಮನೆಯಲ್ಲೇ ಇದ್ದಾಳಲ್ಲ ಅಂತ ಎಲ್ಲರೂ ಎಲ್ಲ ಕೆಲಸಕ್ಕೂ ಕರೆಯುತ್ತಾರೆ. ಬೆಳಗ್ಗೆ ನಾಲ್ಕೂವರೆಯಿಂದ ಎಂಟೂವರೆ ಕೆಲಸದ ಹೊತ್ತು ಅಂತ ಮನೆಯವರಿಗೆ ಒಮ್ಮೆ ಕೂತು ಹೇಳಿ. ಆ ಹೊತ್ತಿನಲ್ಲಿ ಮಕ್ಕಳ ಡಬ್ಬಿ ಬೇರೆಯವರು ಕಟ್ಟಲಿ. ಮಗಳಿದ್ದರೆ ರೊಟ್ಟಿಗೆ ಕೂರಿಸಬೇಡಿ, ಓದಲಿ. ವಾರಕ್ಕೆ ಒಂದು ದಿನ ಒಲೆ ಹಚ್ಚಬೇಡಿ. ಭುಜ ಮತ್ತು ಮಣಿಕಟ್ಟು ನೋಯಲು ಶುರುವಾದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ, ಇಂಥವರನ್ನು ನಾನು ನೋಡಿದ್ದೇನೆ.

ಇನ್ನೂ ಕಲಿಯಬೇಕು ಅನ್ನಿಸಿದರೆ ಪ್ರತಿ ಜಿಲ್ಲೆಯಲ್ಲೂ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಇದೆ, ತರಬೇತಿಯೂ ಊಟ ವಸತಿಯೂ ಉಚಿತ. ಗಂಗಾವತಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಪ್ಯಾಕಿಂಗ್, ಚಟ್ನಿ ಕೆಡದಂತೆ ಇಡುವುದರ ಬಗ್ಗೆ ಅಲ್ಲಿಯ ಗೃಹ ವಿಜ್ಞಾನದವರಿದ್ದರೆ ಕೇಳಿ.

ಈ ವಾರ ಮಾಡಬೇಕಾದದ್ದು ಇಷ್ಟೇ. ಒಂದು ನೋಟ್‌ಬುಕ್ ತಗೊಳ್ಳಿ, ದಿನಾ ಐದು ಸಾಲು: ಹಿಟ್ಟು, ಗ್ಯಾಸ್, ಕವರ್, ಓಡಾಟ, ಮುರಿದ ರೊಟ್ಟಿ. ಏಳು ದಿನ ಬರೆದ ಮೇಲೆ ಖಾನಾವಳಿ ಮಾಲೀಕರ ಹತ್ತಿರ ಹೋಗಿ. ಮಧ್ಯಾಹ್ನ ಊಟದ ಗದ್ದಲದಲ್ಲಿ ಬೇಡ, ನಾಲ್ಕು ಗಂಟೆಗೆ ಅವರು ಚಹಾ ಕುಡಿಯುವ ಹೊತ್ತಿಗೆ. ನೋಟ್‌ಬುಕ್ ತೋರಿಸಿ. "ಅಣ್ಣಾ, ಬರುವ ಒಂದನೇ ತಾರೀಖಿನಿಂದ 6 ರೂಪಾಯಿ ಆಗಬೇಕು, ಲೆಕ್ಕ ವಾರ ವಾರ ಚುಕ್ತಾ ಆಗಬೇಕು" ಅಂತ ಹೇಳಿ. ತಿಂಗಳ ಉದ್ರಿ ಅಂದರೆ ನಿಮ್ಮ 9,100 ರೂಪಾಯಿ ಅವರ ಹತ್ತಿರ ಬಡ್ಡಿ ಇಲ್ಲದೆ ಕೂತಿದೆ. ಅವರು 5.50 ಅಂದರೆ ಒಪ್ಪಿಕೊಂಡು ಬರಬೇಡಿ, ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂತ ಎದ್ದು ಬನ್ನಿ. ಅಷ್ಟರಲ್ಲಿ ಬೇರೆ ಎರಡು ಖಾನಾವಳಿಗೆ ಹತ್ತು ಹತ್ತು ರೊಟ್ಟಿ ರುಚಿಗೆ ಕೊಟ್ಟಿರಿ. ಎಳ್ಳಮಾವಾಸ್ಯೆ ಹತ್ತಿರ ಬಂದರೆ ಎಲ್ಲರಿಗೂ ರೊಟ್ಟಿ ಬೇಕಾಗುತ್ತದೆ. ಬೆಲೆ ಮಾತಾಡಲು ಆ ಹೊತ್ತು ನಿಮ್ಮ ಕಡೆ ಇರುತ್ತದೆ. ಅವರು ಏನಂದರು ಅಂತ ನನಗೆ ಬರೆಯಿರಿ, ನೋಟ್‌ಬುಕ್ಕಿನ ಆ ಏಳು ದಿನದ ಪುಟದ ಫೋಟೋ ಜೊತೆಗೆ.